ಮುದ್ದೆ ಬಿಡಲೊಪ್ಪದ ಮೇಷ್ಟ್ರು: ಪಾರ್ಕಿನ್ಸನ್ ಮತ್ತು ನುಂಗುವ ಕಷ್ಟ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಮಂಡ್ಯ ಕಡೆಯ ನಿವೃತ್ತ ಮೇಷ್ಟ್ರು. ವಯಸ್ಸು ಎಪ್ಪತ್ತರ ಹತ್ತಿರ. ಮೈಯ ಚಲನೆಯನ್ನೇ ನಿಧಾನ ಮಾಡುವ ನರದ ಕಾಯಿಲೆ ಪಾರ್ಕಿನ್ಸನ್ ಶುರುವಾಗಿ ಏಳು ವರ್ಷ. ಈಗ ಮೈಸೂರಿನಲ್ಲಿ ಮಗನ ಜೊತೆ ಇದ್ದಾರೆ. ಕುಟುಂಬ ನನ್ನ ಬಳಿ ಬಂದಿದ್ದು ನುಂಗುವ ತೊಂದರೆಗಲ್ಲ, ಮನೆಯ ಜಗಳಕ್ಕೆ.

"ಇವರು ಹಠ ಮಾಡ್ತಾರೆ ಮೇಡಂ. ಒಂದು ಊಟಕ್ಕೆ ಒಂದೂವರೆ ಗಂಟೆ. ತುತ್ತು ಬಾಯಲ್ಲೇ ಇಟ್ಕೊಂಡು ಕೂತಿರ್ತಾರೆ" ಅಂದರು ಹೆಂಡತಿ. "ಅಮ್ಮ ಬಲವಂತ ಮಾಡ್ತಾರೆ, ಅದಕ್ಕೇ ಅಪ್ಪ ಊಟ ಅಂದ್ರೆ ಮುಖ ತಿರುಗಿಸ್ತಾರೆ" ಅಂದ ಮಗ. ಮೇಷ್ಟ್ರು ಏನೂ ಮಾತಾಡಲಿಲ್ಲ. ಆಗಾಗ ಕರ್ಚೀಫಿನಿಂದ ಜೊಲ್ಲು ಒರೆಸಿಕೊಳ್ಳುತ್ತಿದ್ದರು.

ಕೇಳುತ್ತಾ ಹೋದಂತೆ ಬೇರೆ ವಿಷಯಗಳು ಹೊರಬಂದವು. ಒಂದೇ ವರ್ಷದಲ್ಲಿ ಎರಡು ಸಲ ಜ್ವರ, ಎದೆಯಲ್ಲಿ ಕಫ. ತೂಕ ಇಳಿದಿದೆ. ಊಟವಾದ ಮೇಲೆ ದನಿ ಗೊರಗೊರ ಅನ್ನುತ್ತದೆ. ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ತಿನ್ನುವಾಗ ಕೆಮ್ಮು ಬರುತ್ತಾ ಅಂದರೆ ಮೂವರೂ ಇಲ್ಲ ಅಂದರು. ನನಗೆ ಹೆದರಿಕೆಯಾಗಿದ್ದು ಅಲ್ಲಿಯೇ.

ಪಾರ್ಕಿನ್ಸನ್‌ನಲ್ಲಿ ನಾಲಿಗೆ, ಗಂಟಲಿನ ಸ್ನಾಯುಗಳೂ ನಿಧಾನವಾಗುತ್ತವೆ. ತುತ್ತು ಬಾಯಲ್ಲೇ ಉಳಿಯುವುದು ಹಠದಿಂದಲ್ಲ. ಜೊಲ್ಲು ಸುರಿಯುವುದೂ ಎಂಜಲು ಜಾಸ್ತಿಯಾಗಿ ಅಲ್ಲ, ನುಂಗುವುದು ಕಡಿಮೆಯಾಗಿ. ಇದರ ಜೊತೆಗೆ ಗಂಟಲಿನ ಸ್ಪರ್ಶವೂ ಮಂದವಾಗಬಹುದು. ಆಗ ನೀರು ಶ್ವಾಸನಾಳಕ್ಕೆ ಇಳಿದರೂ ಕೆಮ್ಮು ಬರುವುದಿಲ್ಲ. ಹೀಗೆ ಶ್ವಾಸಕೋಶ ಸೇರಿದ್ದು ನ್ಯುಮೋನಿಯಾ ತರಬಹುದು. ಪಾರ್ಕಿನ್ಸನ್ ಇರುವವರ ಸಾವಿಗೆ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ನರರೋಗ ವೈದ್ಯರಿಗೆ ವಿಷಯ ತಿಳಿಸಿ, ನುಂಗುವಿಕೆ ನೋಡುವ ಸ್ಪೀಚ್ ಥೆರಪಿಸ್ಟ್ ಬಳಿ ಹೋಗಲು ಹೇಳಿದೆ. ಮಾತಿನ ಡಾಕ್ಟರಿಗೂ ಊಟಕ್ಕೂ ಏನು ಸಂಬಂಧ ಅಂತ ಮಗನಿಗೆ ಅನುಮಾನ. ಆದರೆ ಇದು ಅವರದೇ ಕೆಲಸ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ ಇದಕ್ಕೆ ಪರೀಕ್ಷೆ, ಚಿಕಿತ್ಸೆ ಎರಡೂ ಇವೆ. ಎಕ್ಸ್‌ರೇಯಲ್ಲಿ ಕಾಣುವ ಬೇರಿಯಂ ಬೆರೆಸಿದ ಆಹಾರ, ನೀರು ಕೊಟ್ಟು ಎಕ್ಸ್‌ರೇ ವಿಡಿಯೋ ತೆಗೆದಾಗ, ಗಟಗಟ ಕುಡಿದ ನೀರು ಶ್ವಾಸನಾಳಕ್ಕೆ ಇಳಿಯುವುದು ಕಾಣಿಸಿತು. ಗಲ್ಲವನ್ನು ಎದೆಯ ಕಡೆ ಬಗ್ಗಿಸಿ ಸಣ್ಣ ಗುಟುಕು ಕುಡಿದಾಗ ಇಳಿಯಲಿಲ್ಲ. ಈ ಉಪಾಯ ಎಲ್ಲರಿಗೂ ಹೊಂದುವುದಿಲ್ಲ. ಪರೀಕ್ಷೆ ಮಾಡಿಸದೆ ಮನೆಯಲ್ಲಿ ಶುರು ಮಾಡಬೇಡಿ.

ನೀರನ್ನು ಗಟ್ಟಿ ಮಾಡುವ ಪುಡಿ ತರಬೇಕಾ ಅಂತ ಮಗ ಕೇಳಿದ. ಅಮೆರಿಕದಲ್ಲಿ ಪಾರ್ಕಿನ್ಸನ್ ಅಥವಾ ಮರೆವಿನ ಕಾಯಿಲೆ ಇದ್ದವರ ಮೇಲೆ ನಡೆದು, 2008ರಲ್ಲಿ ಪ್ರಕಟವಾದ ಅಧ್ಯಯನ ಇಲ್ಲಿ ನೆನಪಿಡುವಂಥದ್ದು. ಪರೀಕ್ಷೆಯ ಹೊತ್ತಿನಲ್ಲಿ ಜೇನಿನಷ್ಟು ಗಟ್ಟಿಯಾದ ದ್ರವವೇ ಶ್ವಾಸನಾಳಕ್ಕೆ ಅತಿ ಕಡಿಮೆ ಇಳಿಯಿತು. ಆದರೆ ಮೂರು ತಿಂಗಳ ಕೊನೆಗೆ ನ್ಯುಮೋನಿಯಾದ ಲೆಕ್ಕದಲ್ಲಿ, ಗಲ್ಲ ಬಗ್ಗಿಸಿದವರಿಗೂ ಗಟ್ಟಿ ದ್ರವ ಕುಡಿದವರಿಗೂ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ. ಗಟ್ಟಿ ದ್ರವದವರಲ್ಲಿ ಮೈಯ ನೀರು ಕಡಿಮೆಯಾಗಿದ್ದು ಹೆಚ್ಚು. ಮೇಷ್ಟ್ರಂತೂ ಆ ಪುಡಿ ಹಾಕಿ ಗಟ್ಟಿ ಮಾಡಿದ ಕಾಫಿ ಬಾಯಿಗಿಟ್ಟು, "ಇದಕ್ಕಿಂತ ಉಪವಾಸ ವಾಸಿ" ಅಂದರು. ಥೆರಪಿಸ್ಟ್ ಸದ್ಯಕ್ಕೆ ಪುಡಿ ಬೇಡ ಅಂದರು.

ಊದುವ ಕಸರತ್ತನ್ನೂ ಕೊಟ್ಟರು. ತಡೆ ಇರುವ ಸಣ್ಣ ಉಪಕರಣಕ್ಕೆ ಜೋರಾಗಿ ಊದಬೇಕು. ಐದೈದರಂತೆ ಐದು ಸುತ್ತು, ವಾರಕ್ಕೆ ಐದು ದಿನ, ನಾಲ್ಕು ವಾರ. 60 ಪಾರ್ಕಿನ್ಸನ್ ರೋಗಿಗಳ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದೇ ಕ್ರಮದಿಂದ ನುಂಗುವಿಕೆ ಮೊದಲಿಗಿಂತ ಸುರಕ್ಷಿತವಾಗಿತ್ತು. ಮನೆಯಲ್ಲಿ ಮೂರು ಚೆಂಡಿನ ಸ್ಪೈರೋಮೀಟರ್ ಇದೆಯಲ್ಲ ಅಂತ ಹೇಳುವವರಿದ್ದಾರೆ. ಅದರಲ್ಲಿ ಉಸಿರು ಒಳಗೆ ಎಳೆಯುವುದು. ಅದು ಇದಕ್ಕೆ ಬದಲಿಯಲ್ಲ. ಬಿಪಿ ಜಾಸ್ತಿ ಇದ್ದವರು, ಹರ್ನಿಯಾ ಇದ್ದವರು ಮೊದಲು ವೈದ್ಯರನ್ನು ಕೇಳಬೇಕು.

ನಾನು ಹೇಳಿದ್ದು ಬಹುಪಾಲು ಊಟದ ಹೊತ್ತಿನ ಬಗ್ಗೆ. ಮನೆಯಲ್ಲಿ ಮೊದಲು ಊಟ, ಆಮೇಲೆ ಮಾತ್ರೆ ಅನ್ನುವ ರೂಢಿಯಿತ್ತು. ವೈದ್ಯರು ಅದನ್ನು ತಿರುಗಿಸಿದರು: ಪಾರ್ಕಿನ್ಸನ್ ಮಾತ್ರೆಯಾದ ಲೆವೊಡೋಪ ಊಟಕ್ಕೆ ಅರ್ಧ ಗಂಟೆ ಮೊದಲು, ಅದು ಹಿಡಿದು ಮೈ ಸಡಿಲವಾದಾಗ ಊಟ. ಮಾತ್ರೆ ನುಂಗಲಾಗದಿದ್ದರೆ ಕೇಳದೆ ಪುಡಿ ಮಾಡಬೇಡಿ, ಕೆಲವನ್ನು ಪುಡಿ ಮಾಡುವಂತಿಲ್ಲ. ಮಂಚದಲ್ಲಿ ಒರಗಿಸಿ ತಿನ್ನಿಸುವುದು ನಿಲ್ಲಲಿ. ನೇರವಾಗಿ ಕೂತು ಉಂಡು, ಆಮೇಲೂ ಅರ್ಧ ಗಂಟೆ ಕೂತಿರಲಿ. ಟಿವಿ ಆಫ್. ಬಾಯಲ್ಲಿ ತುತ್ತಿರುವಾಗ ಪ್ರಶ್ನೆ ಕೇಳಬೇಡಿ. ಊಟದ ನಂತರ ಬಾಯಿ, ಹಲ್ಲುಸೆಟ್ಟು ಶುಚಿಯಾಗಲಿ, ಬಾಯಿಯ ಕೊಳೆಯೇ ಎದೆಗೆ ಸೋಂಕು ತರುತ್ತದೆ.

ನಿಜವಾದ ಕಗ್ಗಂಟು ಮುದ್ದೆ. ಅಗಿಯದೆ ನುಂಗುವ, ಅಂಟುವ ಪದಾರ್ಥ. ಥೆರಪಿಸ್ಟ್ ಬೇಡ ಅಂದಿದ್ದರು. ಹೆಂಡತಿ ಆ ದಿನವೇ ನಿಲ್ಲಿಸಿಬಿಟ್ಟರು. ಮೇಷ್ಟ್ರು ಮೊದಲ ಸಲ ದನಿ ಎತ್ತಿದ್ದು ಆಗ: "ನನ್ನನ್ನ ಒಂದು ಮಾತು ಕೇಳಿದ್ರಾ?"

ಕೇಳಿರಲಿಲ್ಲ. ಮೂವರನ್ನೂ ಕೂರಿಸಿ, ಮುದ್ದೆಯಿಂದ ಏನಾಗಬಹುದು ಅಂತ ಮುಚ್ಚುಮರೆಯಿಲ್ಲದೆ ಹೇಳಿದೆ. ಬುದ್ಧಿ ಸರಿಯಾಗಿರುವ ಮನುಷ್ಯ, ಅಪಾಯ ತಿಳಿದ ಮೇಲೆ ತನ್ನ ತಟ್ಟೆಯಲ್ಲಿ ಏನಿರಬೇಕು ಅಂತ ತೀರ್ಮಾನಿಸುವುದು ಅವನ ಹಕ್ಕು. ನಾಳೆ ಏನಾದರೂ ಆದರೆ ಅದು ಹೆಂಡತಿಯ ತಪ್ಪಲ್ಲ ಅನ್ನುವುದನ್ನೂ ಮೇಷ್ಟ್ರ ಬಾಯಿಂದಲೇ ಹೇಳಿಸಿದೆ. ಹೆಂಡತಿ ಅತ್ತರು. ಕೊನೆಗೆ ಥೆರಪಿಸ್ಟ್ ಕಣ್ಣೆದುರೇ ಪ್ರಯತ್ನಿಸಿ ಒಂದು ದಾರಿ ಸಿಕ್ಕಿತು. ಭಾನುವಾರ ಮಧ್ಯಾಹ್ನ ಮಾತ್ರ. ಮೆತ್ತಗೆ ತೊಳಸಿದ್ದು, ಗೋಲಿಯಷ್ಟು ಸಣ್ಣ ತುತ್ತು, ಗಟ್ಟಿ ಬಸ್ಸಾರಿನಲ್ಲಿ ಅದ್ದಿ. ಒಂದೊಂದಕ್ಕೂ ಎರಡು ಸಲ ನುಂಗಬೇಕು. ಉಳಿದ ದಿನ ಹುಳಿಯಲ್ಲಿ ಕಿವುಚಿದ ಮೆತ್ತನೆ ಅನ್ನ. ಮೇಷ್ಟ್ರ ಈ ಏರ್ಪಾಡನ್ನು ನೋಡಿ ಬೇರೆ ರೋಗಿಗೆ ಮುದ್ದೆ ಕೊಡಬೇಡಿ.

ತೂಕ ಇಳಿಯುವುದು ನಿಂತಿದೆ. ಊಟ ಮುಕ್ಕಾಲು ಗಂಟೆಗೆ ಬಂದಿದೆ. ಕಾಯಿಲೆ ಮುಂದುವರಿಯುವಂಥದ್ದು, ಹಾಗಾಗಿ ಪರೀಕ್ಷೆ ಮತ್ತೆ ಮಾಡಿಸಬೇಕಾಗುತ್ತದೆ. ಮುಂದೊಂದು ದಿನ ಹೊಟ್ಟೆಗೆ ಟ್ಯೂಬ್ ಹಾಕುವ ಪ್ರಶ್ನೆ ಬಂದರೆ ಏನು ಅಂತ ಈಗಲೇ ಮಾತಾಡಿಕೊಳ್ಳಿ ಅಂದೆ. ಮಗನಿಗೆ ಆ ಮಾತೇ ಬೇಡವಾಗಿತ್ತು. ಮೇಷ್ಟ್ರು, "ಮುಂದಿನ ಸಲ ನಾನೇ ಹೇಳ್ತೀನಿ, ಬರ್ಕೊಳ್ಳಿ" ಅಂದಿದ್ದಾರೆ.