ಲಸಿಕೆ ಹಾಕಿಸಿಕೊಂಡ ಅತ್ತಿಗೆ ಮಗುವನ್ನು ಎತ್ತಿಕೊಳ್ಳಬಹುದೇ?

ಪ್ರಶ್ನೆ: ಬಾಣಂತನಕ್ಕೆ ದಾವಣಗೆರೆಯ ತವರಿಗೆ ಬಂದಿದ್ದೇನೆ. ಮಗುವಿಗೆ ಏಳು ವಾರ. ಅತ್ತಿಗೆ ಸ್ಟಾಫ್ ನರ್ಸ್; ಹತ್ತು ದಿನದ ಹಿಂದೆ ಫ್ಲೂ ಇಂಜೆಕ್ಷನ್ ತಗೊಂಡರು. ಲಸಿಕೆ ತಗೊಂಡವರ ಬೆವರು, ಉಸಿರಿನಲ್ಲಿ ಅದರ ಪ್ರೋಟೀನ್ ಹೊರಬರುತ್ತದೆ ಎಂಬ ವಾಟ್ಸ್‌ಆ್ಯಪ್ ವಿಡಿಯೊ ನೋಡಿದಾಗಿನಿಂದ ಅಮ್ಮ ಅವರನ್ನು ಮಗುವಿನ ಹತ್ತಿರ ಬಿಡುತ್ತಿಲ್ಲ. ಹಿಂದೆ ತಗೊಂಡ ಕೋವಿಶೀಲ್ಡ್ ಬಗ್ಗೆಯೂ ಅದೇ ಮಾತು. ಅಪ್ಪನಿಗೆ ಕೀಮೋ ನಡೆಯುತ್ತಿದೆ. ಅತ್ತಿಗೆ ಒಳಗೊಳಗೇ ಅಳುತ್ತಾರೆ. ಏನು ಮಾಡಲಿ?

ಉತ್ತರ: ಸಹೋದರಿ, ಇವತ್ತೇ ಮಗುವನ್ನು ಅತ್ತಿಗೆಯ ಕೈಗೆ ಕೊಡಿ. ಫ್ಲೂ ಇಂಜೆಕ್ಷನ್ನಿನಲ್ಲಿ ಇರುವುದು ಸತ್ತ ವೈರಸ್ಸಿನ ಚೂರುಗಳು. ಅವು ಬೆಳೆಯುವುದೂ ಇಲ್ಲ, ಹರಡುವುದೂ ಇಲ್ಲ. ಕೋವಿಶೀಲ್ಡ್‌ನ ವೈರಸ್ಸಿನಲ್ಲಿ ಮರಿ ಹಾಕಲು ಬೇಕಾದ ಇ-1 ಜೀನನ್ನೇ ಕತ್ತರಿಸಿ ತೆಗೆದಿರುತ್ತಾರೆ. ಅದರಿಂದ ತಯಾರಾಗುವ ಸ್ಪೈಕ್ ಪ್ರೋಟೀನ್ (ಕೊರೊನಾ ವೈರಸ್ಸಿನ ಮೈಮೇಲಿನ ಮುಳ್ಳು) ಬಹುಪಾಲು ಜೀವಕೋಶಕ್ಕೇ ಅಂಟಿಕೊಂಡಿದ್ದು ಅಲ್ಲೇ ಕರಗುತ್ತದೆ. ಇನ್ನೊಂದು ಕೋವಿಡ್ ಲಸಿಕೆಯಾದ ಮಾಡರ್ನಾ ಪಡೆದವರ ರಕ್ತವನ್ನು 2021ರಲ್ಲಿ ಅಳೆದಾಗ ಸ್ಪೈಕಿನ ತುಣುಕು ಹೆಚ್ಚೆಂದರೆ ಸರಾಸರಿ ಮಿಲಿಲೀಟರಿಗೆ 68 ಪಿಕೊಗ್ರಾಂ ಇತ್ತು. ಎರಡು ವಾರದಲ್ಲಿ ಅದೂ ಕಾಣಲಿಲ್ಲ. ಒಂದು ಪಿಕೊಗ್ರಾಂ ಎಂದರೆ ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ರಕ್ತದಲ್ಲೇ ಇಷ್ಟು ಕಡಿಮೆ ಇರುವಾಗ ಬೆವರಿನಲ್ಲಿ ಮಗುವಿಗೆ ತಗಲುವಷ್ಟು ಎಲ್ಲಿಂದ ಬಂದೀತು? ಒಂದು ಕಣ ಬಾಯಿಗೆ ಹೋದರೂ ಬೇಳೆಯ ಪ್ರೋಟೀನಿನಂತೆ ಜೀರ್ಣವಾಗುತ್ತದೆ.

ಆದರೆ ಮೈಯಿಂದ ಹೊರಬರುವ ಲಸಿಕೆ ನಿಮ್ಮ ಮನೆಯಲ್ಲಿದೆ. ಅದು ಮಗುವಿನದು. ಆರನೇ ವಾರ ಹಾಕಿಸಿದ ಪೋಲಿಯೊ ಹನಿ, ರೋಟಾ ಹನಿ ಎರಡೂ ಬಲ ಕುಗ್ಗಿಸಿದ ಜೀವಂತ ವೈರಸ್. ಕರುಳಿನಲ್ಲಿ ಬೆಳೆದು ಕಕ್ಕದಲ್ಲಿ ಬರುತ್ತವೆ: ರೋಟಾ ಹೆಚ್ಚಾಗಿ ಮೊದಲ ಒಂದೆರಡು ವಾರ, ಪೋಲಿಯೊ ಆರು ವಾರದವರೆಗೂ. ಗಟ್ಟಿಮುಟ್ಟಾದವರಿಗೆ ಇದರಿಂದ ತೊಂದರೆಯಾಗುವುದು ತೀರಾ ಅಪರೂಪ. ಕೀಮೋ ತಗೊಳ್ಳುವ ಅಪ್ಪನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅವರು ಮಗುವನ್ನು ಎತ್ತಿಕೊಳ್ಳಲಿ, ಆದರೆ ಕಕ್ಕದ ಬಟ್ಟೆ ಮುಟ್ಟುವುದು ಬೇಡ. ಬಟ್ಟೆ ಬದಲಿಸಿದವರು ಉಗುರಿನ ಸಂದಿಯೂ ಸೇರಿದಂತೆ 20 ಸೆಕೆಂಡ್ ಸೋಪಿನಲ್ಲಿ ಕೈ ತೊಳೆಯಬೇಕು, ಆಮೇಲೆ ಅಡುಗೆಮನೆ. ಸ್ಯಾನಿಟೈಸರ್ ಸಾಲದು, ಈ ವೈರಸ್ಸುಗಳಿಗೆ ಮೇಲೆ ಕೊಬ್ಬಿನ ಪದರ ಇಲ್ಲದ್ದರಿಂದ ಆಲ್ಕೋಹಾಲಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಬಟ್ಟೆಗೆ ಬೇರೆ ಬಕೆಟ್ ಇಡಿ.

10ನೇ ವಾರದ ಹನಿಗೆ ಹೋಗುವ ಮೊದಲೇ ಮಕ್ಕಳ ಡಾಕ್ಟರಿಗೂ ಅಪ್ಪನ ಡಾಕ್ಟರಿಗೂ ಮನೆಯ ಪರಿಸ್ಥಿತಿ ಹೇಳಿ. ಸತ್ತ ವೈರಸ್ಸಿನ ಪೋಲಿಯೊ ಇಂಜೆಕ್ಷನ್ ಇದೆ. ಸರ್ಕಾರಿ ವೇಳಾಪಟ್ಟಿಯಲ್ಲಿ ಅದು 6 ಮತ್ತು 14ನೇ ವಾರಕ್ಕೆ, ಆಮೇಲೆ 9ನೇ ತಿಂಗಳಿಗೆ. 10ನೇ ವಾರಕ್ಕೆ ಪೋಲಿಯೊಗೆ ಹನಿ ಮಾತ್ರ. ಖಾಸಗಿಯಲ್ಲಿ ಸಿಗುವ ಆರು ರೋಗದ ಒಂದೇ ಇಂಜೆಕ್ಷನ್ನಿನಲ್ಲಿ ಪೋಲಿಯೊದ್ದೂ ಸೇರಿದೆ. ಯಾವುದು ಎಂದು ಡಾಕ್ಟರ್ ಹೇಳಲಿ; ನೀವಾಗಿ ಲಸಿಕೆ ತಪ್ಪಿಸಬೇಡಿ.

ಅಮ್ಮನೊಂದಿಗೆ ವಿಡಿಯೊ ಹಿಡಿದು ವಾದ ಮಾಡಬೇಡಿ. ಗಂಡನಿಗೂ ಮೊಮ್ಮಗುವಿಗೂ ಏನಾದೀತೋ ಎಂಬ ಅವರ ಭಯ ನಿಜವಾದದ್ದೇ. ಕೈ ತೊಳೆಸುವ, ಬಟ್ಟೆಯ ಬಕೆಟ್ ನೋಡಿಕೊಳ್ಳುವ ಉಸ್ತುವಾರಿ ಅವರಿಗೇ ಕೊಡಿ. ಇನ್ನೊಂದು ಮಾತನ್ನೂ ತಿಳಿಸಿ: ಆರು ತಿಂಗಳು ತುಂಬುವವರೆಗೆ ಮಗುವಿಗೆ ಫ್ಲೂ ಲಸಿಕೆ ಹಾಕುವಂತಿಲ್ಲ, ಸುತ್ತಲಿನವರು ಹಾಕಿಸಿಕೊಂಡರೆ ಅದೇ ಅದಕ್ಕೆ ಕಾವಲು. ಸೊಸೆ ಆಗಲೇ ಹಾಕಿಸಿಕೊಂಡಿದ್ದಾರೆ. ನೀವು, ಅಮ್ಮ, ಅಣ್ಣ ಈ ವಾರವೇ ಹಾಕಿಸಿಕೊಳ್ಳಿ. ಅಪ್ಪನಿಗೆ ಯಾವ ಕೀಮೋ ನಡುವೆ ಎಂದು ಅವರ ಡಾಕ್ಟರನ್ನು ಕೇಳಿ.