ಒಂದೇ ಲಾಗಿನ್, ಮೂರು ಪಾಳಿ

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನಮ್ಮ ವಾರ್ಡಿಗೆ ಇ-ಹಾಸ್ಪಿಟಲ್, ಅಂದರೆ ರೋಗಿಗಳ ದಾಖಲೆಯನ್ನು ಕಂಪ್ಯೂಟರಿನಲ್ಲಿ ಇಡುವ ವ್ಯವಸ್ಥೆ ಬಂದಿದೆ, ಆದರೆ ಕಂಪ್ಯೂಟರ್ ಒಂದೇ. ಬೆಳಿಗ್ಗೆ ಒಬ್ಬರು ಲಾಗಿನ್ ಆದರೆ ಮೂರೂ ಪಾಳಿಯವರು ಅದರಲ್ಲೇ ಎಂಟ್ರಿ ಮಾಡುತ್ತೇವೆ. ರಿಜಿಸ್ಟರಿನಲ್ಲೂ ಬರೆಯಬೇಕು, ಕಂಪ್ಯೂಟರಿಗೂ ಹಾಕಬೇಕು. ಹಾಗಾಗಿ ರಾತ್ರಿಯದೆಲ್ಲ ಬೆಳಗಿನ ಜಾವ ಒಟ್ಟಿಗೆ ಹಾಕುತ್ತೇವೆ. ಇದರಿಂದ ತೊಂದರೆ ಇದೆಯಾ?
– ಹೆಸರು ಬೇಡ

ಉತ್ತರ: ಇದೆ ಸಿಸ್ಟರ್. ಲಾಗಿನ್ ವಿಷಯ ಆಮೇಲೆ, ಮೊದಲು ಬೆಳಗಿನ ಜಾವದ ಎಂಟ್ರಿ ಬಗ್ಗೆ ಹೇಳುತ್ತೇನೆ.

ನಾನು ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದಾಗ ಒಂದು ಮೆಡಿಕಲ್ ವಾರ್ಡಿನಲ್ಲಿ ನಡೆದದ್ದು ಇದು. ರಾತ್ರಿ ಊಟಕ್ಕೆ ಮುಂಚೆ ಒಬ್ಬ ಅಜ್ಜನಿಗೆ ಇನ್ಸುಲಿನ್ ಕೊಟ್ಟ ಸಿಸ್ಟರ್, ಅದನ್ನು ಮೈಕ್ರೋಪೋರ್ (ಬ್ಯಾಂಡೇಜಿಗೆ ಅಂಟಿಸುವ ಟೇಪ್) ತುಂಡಿನ ಮೇಲೆ ಗೀಚಿ ಕೋಟಿಗೆ ಅಂಟಿಸಿಕೊಂಡರು. ಆಮೇಲೆ ಹಾಕೋಣ ಅಂತ. ಅಷ್ಟರಲ್ಲಿ ಹೊಸ ಅಡ್ಮಿಷನ್ ಬಂತು, ಆ ಗಡಿಬಿಡಿಯಲ್ಲಿ ಮುಂದಿನ ಪಾಳಿಯವರಿಗೆ ಹ್ಯಾಂಡೋವರ್ ಅರ್ಧಂಬರ್ಧ ಆಯಿತು. ರಾತ್ರಿ ಪಾಳಿಯವರು ಸ್ಕ್ರೀನ್ ನೋಡಿದರು. ಇನ್ಸುಲಿನ್ ಕೊಟ್ಟಿಲ್ಲ ಅಂತಿತ್ತು. ಇನ್ನೊಂದು ಡೋಸ್ ಹೋಯಿತು. ನಡುರಾತ್ರಿ ನೋಡಿದರೆ ಅಜ್ಜನ ಮೈಯೆಲ್ಲ ಬೆವರು, ಕರೆದರೆ ಮಾತಿಲ್ಲ. ಗ್ಲೂಕೋಮೀಟರಿನಲ್ಲಿ ಶುಗರ್ ಪಾತಾಳಕ್ಕಿಳಿದಿತ್ತು. ರಕ್ತನಾಳಕ್ಕೆ 25% ಡೆಕ್ಸ್ಟ್ರೋಸ್ (ಗ್ಲೂಕೋಸ್) ಕೊಟ್ಟ ಮೇಲೆ ಕಣ್ಣು ಬಿಟ್ಟರು. ಇಬ್ಬರೂ ಕೆಲಸ ಬಲ್ಲ ಸಿಸ್ಟರ್‌ಗಳೇ. ಕೋಟಿನ ಮೇಲಿದ್ದದ್ದು ಸ್ಕ್ರೀನಿಗೆ ಬಂದಿರಲಿಲ್ಲ, ಅಷ್ಟೇ.

ಹಾಗಾಗಿ ಔಷಧಿಯ ಎಂಟ್ರಿ ಕೊಟ್ಟ ತಕ್ಷಣ ಆಗಲೇಬೇಕು. ಅದರಲ್ಲೂ ಇನ್ಸುಲಿನ್, ಹೆಪಾರಿನ್, ಪೊಟ್ಯಾಶಿಯಂ ಕ್ಲೋರೈಡ್ ಇಂಥ, ಡೋಸ್ ಹೆಚ್ಚಾದರೆ ಜೀವಕ್ಕೇ ಅಪಾಯವಾಗುವ ಔಷಧಿಗಳದ್ದು. ಡಯಟ್, ಲಿನೆನ್ ಎಂಟ್ರಿ ಸ್ವಲ್ಪ ತಡವಾದರೂ ಯಾರ ಜೀವಕ್ಕೂ ಅಪಾಯವಿಲ್ಲ. ಸರ್ವರ್ ಡೌನ್ ಆಗಿ ತಡವಾಗಿಯೇ ಹಾಕಬೇಕಾಯಿತಾ? ಅಲ್ಲಿಯವರೆಗೆ ಕಾಗದದ ಚಾರ್ಟಿನಲ್ಲಿ ಬರೆದು, ಆಮೇಲೆ ಹಾಕುವಾಗ ಔಷಧಿ ಕೊಟ್ಟ ನಿಜವಾದ ಸಮಯವನ್ನೂ ಸೇರಿಸಿ. ಸಿಸ್ಟಮ್ ಹಿಡಿದಿಡುವುದು ನೀವು ಸೇವ್ ಒತ್ತಿದ ಸಮಯವನ್ನು. ರಾತ್ರಿ 10ಕ್ಕೆ ಕೊಟ್ಟ ಆಂಟಿಬಯೋಟಿಕ್ ಬೆಳಿಗ್ಗೆ 5ಕ್ಕೆ ಕೊಟ್ಟಂತೆ ಕಂಡರೆ, ಡಾಕ್ಟರ್ ಮುಂದಿನ ಡೋಸನ್ನು ಅದರ ಮೇಲೆಯೇ ಲೆಕ್ಕ ಹಾಕುತ್ತಾರೆ, ಅಲ್ವಾ?

ಇನ್ನು ಲಾಗಿನ್. ನಿಮ್ಮ ಐಡಿಯಲ್ಲಿ ಯಾರು ಏನೇ ಹಾಕಲಿ, ದಾಖಲೆಯಲ್ಲಿ ಬರುವುದು ನಿಮ್ಮ ಹೆಸರು. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಮೆಡಿಕೋ-ಲೀಗಲ್) ಕೇಸೊಂದು ಕೋರ್ಟಿಗೆ ಹೋದರೆ, ಆ ಹೊತ್ತಿಗೆ ಮನೆಯಲ್ಲಿ ಮಲಗಿದ್ದ ನೀವೇ ಉತ್ತರ ಹೇಳಬೇಕಾಗುತ್ತದೆ. ಪ್ರತಿಯೊಬ್ಬರಿಗೂ ಬೇರೆ ಐಡಿ ಇರಬೇಕು, ಯಾರು ಯಾವಾಗ ಏನು ಬದಲಿಸಿದರು ಅನ್ನುವುದು ದಾಖಲಾಗಬೇಕು ಎಂದು ಕೇಂದ್ರ ಆರೋಗ್ಯ ಸಚಿವಾಲಯದ 2016ರ ಇ-ಆರೋಗ್ಯ ದಾಖಲೆ ಮಾನದಂಡಗಳೂ ಹೇಳುತ್ತವೆ. ಪಾಳಿ ಮುಗಿದಾಗ ಲಾಗೌಟ್ ಆಗಿಯೇ ಮನೆಗೆ ಹೋಗಿ.

ಎರಡೆರಡು ಕಡೆ ಬರೆಸುವುದು ಮಾತ್ರ ನಿಮ್ಮ ತಪ್ಪಲ್ಲ. ಕಂಪ್ಯೂಟರ್ ಕೊಟ್ಟು, ಹಳೆಯ ರಿಜಿಸ್ಟರ್‌ಗಳನ್ನೂ ಹಾಗೇ ಇಟ್ಟುಕೊಂಡವರ ತಪ್ಪು. ರೋಗಿಯ ಹತ್ತಿರ ಇರಬೇಕಾದ ಸಿಸ್ಟರನ್ನು ಟೇಬಲ್ಲಿಗೆ ಕಟ್ಟಿಹಾಕುವುದು ಇದೇ. ನನಗೆ ಇದರ ಬಗ್ಗೆ ತುಂಬಾ ಸಿಟ್ಟಿದೆ. ವಾರ್ಡಿನವರೆಲ್ಲ ಸಹಿ ಹಾಕಿ ಮೇಲಧಿಕಾರಿಗೆ ಪತ್ರ ಕೊಡಿ. ಯಾವ ರಿಜಿಸ್ಟರ್ ನಿಲ್ಲಿಸಬಹುದು ಅನ್ನುವುದನ್ನು ಬರವಣಿಗೆಯಲ್ಲೇ ಕೇಳಿ, ಬಾಯಿಮಾತಿಗೆ ಯಾವುದನ್ನೂ ನಿಲ್ಲಿಸಬೇಡಿ. ಡ್ರಗ್ ಟ್ರಾಲಿ ಜೊತೆ ಒಯ್ಯಲು ಒಂದು ಟ್ಯಾಬ್ ಬೇಕು ಅಂತಲೂ ಬರೆಯಿರಿ. ಮಂಚದ ಪಕ್ಕದಲ್ಲೇ ಎಂಟ್ರಿ ಆಗುವಂತಿದ್ದರೆ ಮೈಕ್ರೋಪೋರ್ ಚೀಟಿ ಬೇಕಾಗುವುದೇ ಇಲ್ಲ.

ಪ್ರಶ್ನೆ: ನಮ್ಮ ತಂದೆಗೆ ಒಂದೇ ಆಸ್ಪತ್ರೆಯಲ್ಲಿ ಮೂರು ನೋಂದಣಿ ನಂಬರ್ ಆಗಿವೆ. ಹಳೆಯ ರಿಪೋರ್ಟ್ ಕೇಳಿದರೆ ಸಿಸ್ಟಮ್‌ನಲ್ಲಿ ಇಲ್ಲ ಅನ್ನುತ್ತಾರೆ.
– ಓದುಗರು, ತುಮಕೂರು

ಉತ್ತರ: ರಿಪೋರ್ಟ್ ಎಲ್ಲೂ ಹೋಗಿರಲಾರದು, ಹಳೆಯ ನಂಬರಿನಡಿ ಇರುತ್ತದೆ. ಒಮ್ಮೆ ಆಧಾರ್‌ನಲ್ಲಿರುವ ಹೆಸರು, ಇನ್ನೊಮ್ಮೆ ಮನೆಯಲ್ಲಿ ಕರೆಯುವ ಹೆಸರು, ಜೊತೆಗೆ ಬಂದ ಮಗನದೋ ಅಳಿಯನದೋ ಮೊಬೈಲ್ ನಂಬರ್ ಕೊಟ್ಟರೆ ಹೀಗಾಗುತ್ತದೆ. ಮೂರೂ ಚೀಟಿ ಹಿಡಿದು ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಹೋಗಿ, ಒಂದೇ ನಂಬರಿಗೆ ಸೇರಿಸಿಕೊಡಿ ಎಂದು ಕೇಳಿ. 14 ಅಂಕಿಯ ಆಭಾ ನಂಬರ್ (ಕೇಂದ್ರ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯ ನಂಬರ್) ಮಾಡಿಸಿಕೊಂಡರೆ, ಆ ಸೌಲಭ್ಯವಿರುವ ಕಡೆ ಓಪಿಡಿ ಕೌಂಟರಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಹೆಸರು, ವಯಸ್ಸು ತಾನಾಗಿ ಹೋಗಿ ಟೋಕನ್ ಬರುತ್ತದೆ. ಆದರೆ ಇದನ್ನು ತೋರಿಸಿದರೆ ಚಿಕಿತ್ಸೆ ಫ್ರೀ ಆಗುವುದಿಲ್ಲ. ಅದಕ್ಕಿರುವ ಆಯುಷ್ಮಾನ್ ಕಾರ್ಡೇ ಬೇರೆ. ಎರಡನ್ನೂ ಜೊತೆಯಲ್ಲಿಟ್ಟುಕೊಳ್ಳಿ.