ಆಟಕ್ಕುಂಟು, ಲೆಕ್ಕಕ್ಕಿಲ್ಲ

ದಾವಣಗೆರೆಯ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. 2000ದಲ್ಲಿ ಬಂದ, ಕಾಮಿಕ್ಸ್‌ನ ಸೂಪರ್‌ಹೀರೋ ತಂಡವೊಂದರ ಕಥೆಯಾದ 'ಎಕ್ಸ್-ಮೆನ್' ಸಿನಿಮಾವನ್ನು ಹೋದ ಸಂಚಿಕೆಯಲ್ಲಿ ನಾವು ಹೊಗಳಿದ್ದು ಅವರಿಗೆ ಹಿಡಿಸಿಲ್ಲ. ದೂರು ಚಿಕ್ಕದಾಗಿ ಹೀಗಿದೆ: ಕಾಮಿಕ್ಸ್‌ನಲ್ಲಿ ಕುಳ್ಳಗಿರುವ ವುಲ್ವರಿನ್ ಇಲ್ಲಿ ತೆಂಗಿನ ಮರದ ಹಾಗಿದ್ದಾನೆ, ಹಳದಿ ಬಟ್ಟೆ ಹೋಗಿ ಕರಿ ಚರ್ಮದ ಬಟ್ಟೆ ಬಂದಿದೆ, ರೋಗ್ ಹಾರುವುದೇ ಇಲ್ಲ, ಸೈಕ್ಲಾಪ್ಸ್ ಮತ್ತು ಸ್ಟಾರ್ಮ್ ಆಟಕ್ಕುಂಟು ಲೆಕ್ಕಕ್ಕಿಲ್ಲ. "ಇದು ತಂಡದ ಸಿನಿಮಾನಾ, ಒಬ್ಬನ ಸಿನಿಮಾನಾ, ನೀವೇ ಹೇಳಿ" ಅಂತ ಮುಗಿಸಿದ್ದಾರೆ.

ನಮಸ್ಕಾರ ಸರ್. ಮೊದಲು ತಪ್ಪೊಪ್ಪಿಗೆ. ನೀವು ಹಿಡಿದದ್ದು ಸರಿ, ಖಳ ಸೇಬರ್‌ಟೂತ್ ಫೋಟೋ ಕೆಳಗೆ ವುಲ್ವರಿನ್ ಅಂತ ಅಚ್ಚಾಗಿತ್ತು. ಪುಟ ಕಟ್ಟುವ ಹುಡುಗನ ತಲೆಗೆ ಕಟ್ಟುವುದಿಲ್ಲ, ಪ್ರೂಫ್ ನೋಡಿದವನು ನಾನೇ.

ಈಗ ಜಗಳಕ್ಕೆ ಬರೋಣ. ಎತ್ತರದ ವಿಷಯದಲ್ಲಿ ನಾನು ನಿಮ್ಮ ಕಡೆ ಇಲ್ಲ. ಕಾಮಿಕ್ಸ್‌ನವನು 5 ಅಡಿ 3 ಇಂಚು, ಹ್ಯೂ ಜ್ಯಾಕ್‌ಮನ್ 6 ಅಡಿಗಿಂತ ಜಾಸ್ತಿ, ಅದು ನಿಜ. ಆ ಪಾತ್ರಕ್ಕೆ ಮೊದಲು ಗೊತ್ತಾಗಿದ್ದ ಡೂಗ್ರೇ ಸ್ಕಾಟ್ 'ಮಿಷನ್ ಇಂಪಾಸಿಬಲ್ 2'ರಲ್ಲಿ ಸಿಕ್ಕಿಹಾಕಿಕೊಂಡಿದ್ದರಿಂದ ಜ್ಯಾಕ್‌ಮನ್ ಬಂದಿದ್ದೇ ಕೊನೇ ಗಳಿಗೆಯಲ್ಲಿ. ಆದರೆ ಆ ಟ್ರಕ್ಕಿನೊಳಗಿನ ದೃಶ್ಯವನ್ನು ಇನ್ನೊಂದು ಸಲ ನೋಡಿ. ಹೊರಗೆಲ್ಲ ಹಿಮ. ರೋಗ್ (ಕನ್ನಡದಲ್ಲಿ ಬರೆದರೆ ಕಾಯಿಲೆ ಥರ ಕಾಣುತ್ತದೆ, ಏನು ಮಾಡೋದು) ಚಳಿಗೆ ಮುದುಡಿ ಕೂತಿದ್ದಾಳೆ. ಹೀಟರ್ ಮುಂದೆ ಹಿಡಿ ಅಂತ ವುಲ್ವರಿನ್ ಅವಳ ಕೈ ಕಡೆ ಕೈ ಚಾಚಿದರೆ ಸರಕ್ಕನೆ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ, ಯಾಕೆಂದರೆ ಅವಳ ಚರ್ಮ ತಾಗಿದವರ ಜೀವ ಸೋರಿಹೋಗುತ್ತದೆ. ಆಮೇಲೆ ಅವಳು ಕೇಳುತ್ತಾಳೆ, ನಿನ್ನ ಕೈಯೊಳಗಿನ ಆ ಲೋಹದ ಉಗುರುಗಳು ಹೊರಗೆ ಬರುವಾಗ ನೋವಾಗುತ್ತಾ ಅಂತ. ಪ್ರತಿ ಸಲವೂ ಆಗುತ್ತದೆ ಅನ್ನುತ್ತಾನೆ. ಅಷ್ಟೇ ಮಾತು. ಕಾಮಿಕ್ಸ್ ಮುಟ್ಟದವರಿಗೂ ಈ ಇಬ್ಬರು ಯಾರು ಅಂತ ಅಲ್ಲೇ ಗೊತ್ತಾಗಿಹೋಗುತ್ತದೆ. ಆಗ ಅಳತೆ ಟೇಪು ಹಿಡಿದು ಕೂರಲು ನನಗಂತೂ ಮನಸ್ಸು ಬರಲಿಲ್ಲ.

ಹಳದಿ ಬಟ್ಟೆಯನ್ನು ಚಿತ್ರದಲ್ಲಿ ಸೈಕ್ಲಾಪ್ಸೇ ಗೇಲಿ ಮಾಡುತ್ತಾನೆ. 2024ರ 'ಡೆಡ್‌ಪೂಲ್ ಅಂಡ್ ವುಲ್ವರಿನ್'ನಲ್ಲಿ ಜ್ಯಾಕ್‌ಮನ್ ಕೊನೆಗೂ ಅದನ್ನು ತೊಟ್ಟರಲ್ಲ, ನೀವು 24 ವರ್ಷ ಕಾದಿದ್ದಕ್ಕೆ ಅಷ್ಟಾದರೂ ಸಿಕ್ಕಿತು. ಬಿಡಿ.

ನಾವು ಯಾಕೆ ಹೊಗಳಿದೆವು ಅಂದರೆ, ಮೊದಲ ದೃಶ್ಯಕ್ಕೆ. ಸೂಪರ್‌ಹೀರೋ ಸಿನಿಮಾ ಅಂತ ಟಿಕೆಟ್ ತಗೊಂಡು ಕೂತರೆ ಶುರುವಾಗುವುದು 1944ರ ಪೋಲೆಂಡಿನಲ್ಲಿ, ನಾಜಿಗಳ ಸೆರೆಶಿಬಿರದಲ್ಲಿ. ಮಳೆ, ಕೆಸರು. ಒಬ್ಬ ಹುಡುಗನನ್ನು ಅಪ್ಪ ಅಮ್ಮನಿಂದ ಬೇರೆ ಮಾಡುತ್ತಾರೆ. ಅವನು ಕೈ ಚಾಚಿ ಕಿರುಚುತ್ತಾನೆ, ಸೈನಿಕರು ಎಳೆಯುತ್ತಾರೆ, ಕಬ್ಬಿಣದ ಗೇಟು ಅವನ ಕಡೆಗೆ ಬಾಗತೊಡಗುತ್ತದೆ. ಬಂದೂಕಿನ ಹಿಂಬದಿಯಿಂದ ತಲೆಗೆ ಒಂದು ಏಟು, ಎಲ್ಲ ನಿಂತುಹೋಗುತ್ತದೆ. ಆ ಹುಡುಗನೇ ಮುಂದೆ ಲೋಹವನ್ನು ಮುಟ್ಟದೆಯೇ ಆಡಿಸಬಲ್ಲ ಮ್ಯಾಗ್ನೀಟೋ. ಮ್ಯುಟೆಂಟ್‌ಗಳ, ಅಂದರೆ ಹುಟ್ಟಿನಿಂದಲೇ ವಿಚಿತ್ರ ಶಕ್ತಿ ಇರುವ ಇಂಥವರ, ಹೆಸರು ನೋಂದಾಯಿಸಬೇಕು ಅಂತ ಸೆನೆಟರ್ ಕೆಲ್ಲಿ ಭಾಷಣ ಬಿಗಿಯುವಾಗ, ಮೇಲೆ ಕೂತು ಕೇಳುವ ಈ ಮುದುಕನಿಗೆ ಪಟ್ಟಿ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಕೆಲ್ಲಿಯೂ ಸುಮ್ನೆ ಕೆಟ್ಟವನಲ್ಲ. ಗೋಡೆಯ ಮೂಲಕ ನಡೆಯಬಲ್ಲ ಹುಡುಗಿಯೊಬ್ಬಳು ಇದ್ದಾಳಂತೆ, ಅವಳು ಬ್ಯಾಂಕಿನ ತಿಜೋರಿಗೆ ನುಗ್ಗಿದರೆ ತಡೆಯುವವರು ಯಾರು ಅಂತ ಕೇಳುತ್ತಾನೆ. ಕೇಳುವ ರೀತಿ ಹೊಲಸು, ಪ್ರಶ್ನೆ ಮಾತ್ರ ನಿಜವಾದದ್ದು. ಇನ್ನು ಮ್ಯುಟೆಂಟ್ ಮಕ್ಕಳ ಶಾಲೆ ನಡೆಸುವ ಜೇವಿಯರ್ ಆಗಿ ಪ್ಯಾಟ್ರಿಕ್ ಸ್ಟೀವರ್ಟ್, ಮ್ಯಾಗ್ನೀಟೋ ಆಗಿ ಇಯಾನ್ ಮೆಕೆಲನ್. ಜೇವಿಯರ್ ಮತ್ತು ಮ್ಯಾಗ್ನೀಟೋ ವೈರಿಗಳಲ್ಲ, ಜಗಳ ಆಡಿಕೊಂಡು ಬೇರೆಯಾದ ಹಳೇ ಸ್ನೇಹಿತರು. ಕೊನೆಗೆ ಲೋಹದ ಒಂದು ಚೂರೂ ಇಲ್ಲದ ಪ್ಲಾಸ್ಟಿಕ್ ಜೈಲಿನಲ್ಲಿ ಇಬ್ಬರೂ ಚೆಸ್ ಆಡುತ್ತಾ ಕೂರುತ್ತಾರಲ್ಲ, ಅಲ್ಲಿ ಒಬ್ಬರಿಗೂ ದನಿ ಏರಿಸುವ ಅಗತ್ಯ ಬೀಳುವುದಿಲ್ಲ.

ಈಗ ನಿಮ್ಮ ದೊಡ್ಡ ದೂರು. ಇದನ್ನು ಪೂರ್ತಿ ಒಪ್ಪುತ್ತೇನೆ, ಜೊತೆಗೆ ಕಾರಣವನ್ನೂ ಹೇಳುತ್ತೇನೆ. ನಿರ್ದೇಶಕ ಬ್ರಯಾನ್ ಸಿಂಗರ್ ನಮ್ಮನ್ನು ಜೇವಿಯರ್ ಶಾಲೆಯೊಳಗೆ ಕರೆದುಕೊಂಡು ಹೋಗುವುದು ವುಲ್ವರಿನ್, ರೋಗ್ ಅನ್ನುವ ಇಬ್ಬರು ಹೊಸಬರ ಹಿಂದೆ, ಹಾಸ್ಟೆಲಿಗೆ ಹೊಸದಾಗಿ ಸೇರಿದವರ ಕಣ್ಣಿನಿಂದ. ಉಪಾಯ ಒಳ್ಳೆಯದೇ. ಅವರಿಗೂ ಏನೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ, ಒಟ್ಟಿಗೆ ಕಲಿಯುತ್ತೇವೆ. ಆದರೆ ಅದರಿಂದಲೇ ಏಟೂ ಬಿತ್ತು. ಹೊಸಬರು ಕಥೆಯಾದರು, ಹಳಬರು ವಾರ್ಡನ್‌ಗಳಾದರು. ಸೈಕ್ಲಾಪ್ಸ್ 1963ರಲ್ಲಿ ಸ್ಟಾನ್ ಲೀ, ಜ್ಯಾಕ್ ಕರ್ಬಿ ತಂದ ಮೊದಲ ಸಂಚಿಕೆಯಿಂದಲೂ ತಂಡದ ನಾಯಕ. ಇಲ್ಲಿ ಅವನ ಪಾಡು ನೋಡಿ: ಅವನ ಹುಡುಗಿ ಜೀನ್ ಮೇಲೆ ಬಂದವನ ಕಣ್ಣು, ಅವನ ಬೈಕು ಬಂದವನ ಕೈಯಲ್ಲಿ. ಅವನು ನಾಯಕ ಯಾಕೆ ಅಂತ ತೋರಿಸುವ ಒಂದು ಗಟ್ಟಿ ದೃಶ್ಯ ಹುಡುಕಿದೆ, ಸಿಗಲಿಲ್ಲ.

ಯಕ್ಷಗಾನದ ಒಡ್ಡೋಲಗ ನೋಡಿದ್ದೀರಲ್ಲ. ಪಾಂಡವರು ಬಂದರೆ ಒಬ್ಬೊಬ್ಬರಿಗೂ ಅವರವರ ಪ್ರವೇಶ, ಅವರವರ ಕುಣಿತ, ಆಮೇಲೆ ಪ್ರಸಂಗ. 2012ರ 'ಅವೆಂಜರ್ಸ್'ನವರು ಈ ಒಡ್ಡೋಲಗವನ್ನು ಬೇರೆ ಬೇರೆ ಸಿನಿಮಾಗಳಲ್ಲಿ ಮೊದಲೇ ಮುಗಿಸಿಕೊಂಡಿದ್ದರು. 2008ರಲ್ಲಿ ಐರನ್ ಮ್ಯಾನ್ ಮತ್ತು ಹಲ್ಕ್, 2011ರಲ್ಲಿ ಥಾರ್ ಮತ್ತು ಕ್ಯಾಪ್ಟನ್ ಅಮೆರಿಕ. ಆಮೇಲೆ 143 ನಿಮಿಷ ಕೂತು ಜಗಳ ಆಡಿಸಿದರು. 'ಎಕ್ಸ್-ಮೆನ್'ಗೆ ಇದ್ದದ್ದು ಒಟ್ಟು 104 ನಿಮಿಷ, ಸುಮಾರು 7.5 ಕೋಟಿ ಡಾಲರ್, ಮೇಲಿಂದ ಡಿಸೆಂಬರ್‌ನಲ್ಲಿ ಬರಬೇಕಿದ್ದ ಚಿತ್ರವನ್ನು ಜುಲೈಗೆ ಎಳೆದರು. ಇದನ್ನು ಹೇಳಿದ್ದು ಮಾಫಿ ಮಾಡಲಿ ಅಂತ ಅಲ್ಲ. ಸಮಯ ಕಡಿಮೆ ಇದ್ದಾಗ ಯಾರ ಕುಣಿತ ಕತ್ತರಿಸಿದರು ಅನ್ನುವುದನ್ನು ನೋಡಬೇಕು ಅಲ್ವಾ?

ಅದೂ ಅಲ್ಲದೆ ಕೊನೆಯ ಹೊಡೆದಾಟ ಸಪ್ಪೆ. ಅಷ್ಟು ದುಃಖ ಹೊತ್ತ ಮ್ಯಾಗ್ನೀಟೋ ಏನು ಮಾಡುತ್ತಾನೆ? ಲಿಬರ್ಟಿ ಪ್ರತಿಮೆಯ ಮೇಲೆ ಯಂತ್ರ ಇಟ್ಟು ಲೋಕದ ನಾಯಕರನ್ನೆಲ್ಲ ಮ್ಯುಟೆಂಟ್ ಮಾಡುತ್ತಾನಂತೆ. ತಾನೇ ಅದನ್ನು ನಡೆಸಿದರೆ ತನ್ನ ಜೀವ ಹೋಗುತ್ತದೆ ಅಂತ, ಮುಟ್ಟಿ ತನ್ನ ಶಕ್ತಿಯನ್ನು ರೋಗ್‌ಗೆ ದಾಟಿಸಿ ಅವಳನ್ನು ಅದಕ್ಕೆ ಕಟ್ಟುತ್ತಾನೆ. ನಿನಗೆ ಅಷ್ಟು ಧರ್ಮ ಇದ್ದಿದ್ದರೆ ನೀನೇ ಅದರಲ್ಲಿ ಕೂರುತ್ತಿದ್ದೆ ಅನ್ನುವ ಅರ್ಥದಲ್ಲಿ ವುಲ್ವರಿನ್ ಬೈಯುತ್ತಾನೆ. ಆ ಬೈಗುಳ ಚೆನ್ನಾಗಿದೆ, ಯಂತ್ರ ಚೆನ್ನಾಗಿಲ್ಲ.

2003ರ ಎರಡನೇ ಭಾಗ ಹಂಚಿಕೆಯಲ್ಲಿ ಇದಕ್ಕಿಂತ ವಾಸಿ, ನೈಟ್‌ಕ್ರಾಲರ್ ಶ್ವೇತಭವನಕ್ಕೆ ನುಗ್ಗುವ ಆರಂಭ ಒಂದೇ ಸಾಕು. 2006ರ ಮೂರನೆಯದರಲ್ಲಿ ಸೈಕ್ಲಾಪ್ಸ್‌ನನ್ನು ಶುರುವಿನಲ್ಲೇ ಸಾಯಿಸಿ ಕೈ ತೊಳೆದುಕೊಂಡರು, ಅದರ ಮಾತು ಬೇಡ.

ಸ್ಟಾರ್ಮ್ ವಿಷಯ ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ಅಲ್ಲಿ ನೀವು ಒಂದು ದೃಶ್ಯ ಮರೆತಿದ್ದೀರಿ. 1975ರಲ್ಲಿ ಲೆನ್ ವೈನ್, ಡೇವ್ ಕಾಕ್ರಮ್ ತಂಡವನ್ನು ಹೊಸದಾಗಿ ಕಟ್ಟಿದಾಗ ಕೆನ್ಯಾದಿಂದ ಬಂದವಳು ಇವಳು. 1986ರ ಹೊತ್ತಿಗೆ ಶಕ್ತಿ ಕಳೆದುಕೊಂಡಿದ್ದರೂ ಸೈಕ್ಲಾಪ್ಸ್‌ನನ್ನು ಸೋಲಿಸಿ ನಾಯಕತ್ವ ತಗೊಂಡಳು. ಅಂಥವಳ ಬಾಯಿಗೆ, ಟೋಡ್ (ಅಂದರೆ ಕಪ್ಪೆ) ಅನ್ನುವ ಖಳನಿಗೆ ಹೇಳುವ, ಸಿಡಿಲು ಬಡಿದರೆ ಕಪ್ಪೆಗೇನಾಗುತ್ತದೆ ಅನ್ನುವ ಠುಸ್ ಪಟಾಕಿ ಡೈಲಾಗ್ ಹಾಕಿದ್ದು ಅನ್ಯಾಯವೇ. ಆದರೆ ಮ್ಯಾಗ್ನೀಟೋ ಯಂತ್ರದ ಏಟು ತಿಂದ ಸೆನೆಟರ್ ಕೆಲ್ಲಿ ಸಾಯುವಾಗ ಪಕ್ಕದಲ್ಲಿ ಇರುವವಳು ಅವಳೇ. ಮಾಮೂಲಿ ಮನುಷ್ಯರನ್ನು ಕಂಡರೆ ನಿನಗೆ ದ್ವೇಷವಾ ಅಂತ ಅವನು ಕೇಳುತ್ತಾನೆ. ಕೆಲವು ಸಲ, ಅನ್ನುತ್ತಾಳೆ. ಯಾಕೆ ಅಂದರೆ, ಬಹುಶಃ ಭಯಕ್ಕೆ, ಅನ್ನುತ್ತಾಳೆ. ಸ್ವಲ್ಪ ಹೊತ್ತಿಗೆ ಅವನು ಮಂಚದ ಮೇಲೆ ನೀರಾಗಿ ಕರಗಿಹೋಗುತ್ತಾನೆ. ಸ್ಟಾರ್ಮ್ ಆಗಿರುವ ಹ್ಯಾಲಿ ಬೆರಿ ಅಲ್ಲಿ ಏನೂ ಮಾಡುವುದಿಲ್ಲ, ಸುಮ್ನೆ ನೋಡುತ್ತಾ ನಿಲ್ಲುತ್ತಾರೆ. ಅವರಿಗೆ ಇನ್ನು ಹತ್ತು ನಿಮಿಷ ಕೊಟ್ಟಿದ್ದರೆ ಈ ಪತ್ರ ನೀವು ಬರೆಯುತ್ತಿರಲಿಲ್ಲ ಅನ್ನಿಸುತ್ತದೆ.

ಸ್ಟಾರ್ಮ್ ಮೇಲೆ ಒಂದು ಲೇಖನ ಬರೆದು ಕಳಿಸಿ ಸರ್, ಎರಡು ಪುಟ ಇಟ್ಟಿರುತ್ತೇನೆ. ಫೋಟೋ ಕೆಳಗಿನ ಹೆಸರುಗಳನ್ನೂ ನೀವೇ ಬರೆದುಬಿಡಿ.